ಉಪ್ಪು ನೋಡದ ಅಡುಗೆ

ಗೆಜ್ಜಲಗೆರೆ
20 ಜುಲೈ 2025, ಭಾನುವಾರ

ಪ್ರೀತಿಯ ಅಣ್ಣಯ್ಯನಿಗೆ,

ಕರ್ತನ ದಯೆಯಿಂದ ನಾನು ಚೆನ್ನಾಗಿದ್ದೇನೆ. ನನ್ನ ಫೋನು ಸ್ವಿಚ್ ಆಫ್ ಬರುತ್ತದೆ ಎಂದು ನಾಗಶ್ರೀಗೆ ಫೋನ್ ಮಾಡಿ ಬೈದೆಯಂತೆ. ಪಾಪ, ಅವಳು ನನ್ನ ರೂಮಿನಲ್ಲಿರುವ ಹುಡುಗಿ ಅಷ್ಟೇ, ಅವಳದ್ದೇನೂ ತಪ್ಪಿಲ್ಲ. ಫೋನು ಬಿಟ್ಟಿದ್ದು ನಾನೇ. ಸಿಮ್ ತೆಗೆದು ಮುರಿದು ಹಾಕಿದೆ. ಯಾರೂ ಹೇಳಿಕೊಟ್ಟು ಮಾಡಿಸಿದ್ದಲ್ಲ. ಇನ್ನು ಮೇಲೆ ಕಾಗದವೇ. ನಗಬೇಡ.

ಇಲ್ಲಿ ಒಂದು ರೂಮಿಗೆ ನಾಲ್ಕು ಜನ, ಎಲ್ಲರೂ ಗಾರ್ಮೆಂಟ್ಸಿನವರೇ. ಶನಿವಾರ ಪಾಳಿ ಮುಗಿಯಿತೆಂದರೆ ಬಿಯರ್ ಬಾಟಲಿ, ಹಾಡು, ಹುಡುಗರ ಜೊತೆ ವಿಡಿಯೋ ಕಾಲು. ಯಾರೂ ಕೆಟ್ಟವರಲ್ಲ. ನನಗೆ ಜ್ವರ ಬಂದರೆ ಗಂಜಿ ಕಾಯಿಸಿ ಕುಡಿಸುವವರೂ ಅವರೇ. ಆದರೆ ಎಲ್ಲದಕ್ಕೂ ಒಂದೇ ಮಾತು, ‘ಏನಾದದು ಬುಡು, ಯಾರ್ ನೋಡ್ತಾರೆ?’ ನಾನು ಗೋಡೆಗೆ ಮುಖ ಮಾಡಿಕೊಂಡು ಬೈಬಲಿನ ವಾಕ್ಯ ಓದುತ್ತೇನೆ. ನಾಗಶ್ರೀ ‘ಏ ಸ್ವಾಮೀಜಿ, ನಮ್ಗೂ ಒಂಚೂರು ಪುಣ್ಯ ಮಡಗಿರು’ ಎಂದು ನಗುತ್ತಾಳೆ. ನಾನೂ ನಗುತ್ತೇನೆ. ಆದರೆ ಆ ಕೋಣೆಯಲ್ಲಿ ನನಗೆ ಉಸಿರು ಕಟ್ಟುತ್ತದೆ.

ಇಂದ್ರಮ್ಮ ಆಂಟಿಯ ಮನೆಯಲ್ಲಿ ನಡೆಯುವ ಪ್ರಾರ್ಥನಾ ಕೂಟಕ್ಕೆ ಎರಡು ವರ್ಷದಿಂದ ಹೋಗುತ್ತಿರುವುದು ನಿನಗೆ ಗೊತ್ತೇ ಇದೆ. ನವೆಂಬರ್ ಹದಿನಾರಕ್ಕೆ ಮದ್ದೂರಿನ ಹತ್ತಿರ ಶಿಂಷಾ ಹೊಳೆಯಲ್ಲಿ ನನಗೆ ದೀಕ್ಷಾಸ್ನಾನ. ಹೋದ ವರ್ಷವೇ ಆಗಬೇಕಿತ್ತು, ನಾನು ಇನ್ನೂ ಗಟ್ಟಿಯಾಗಿಲ್ಲ ಎಂದು ಆಂಟಿ ಮುಂದಕ್ಕೆ ಹಾಕಿದರು. ಈ ಸಲ ತಪ್ಪಬಾರದು. ನನಗೆ ಬೇಕಾಗಿರುವುದು ಅದೊಂದೇ ಅಣ್ಣಯ್ಯ.

ಅಪ್ಪ ತೀರಿಹೋದ ಹನ್ನೊಂದನೇ ದಿನದ ತಿಥಿಯಲ್ಲಿ ನಾನು ಎಡೆಗೆ ಕೈ ಮುಗಿಯಲಿಲ್ಲ, ಉಣ್ಣಲಿಲ್ಲ ಎಂದು ನೀನು ‘ಇನ್ಮ್ಯಾಕೆ ನನ್ನ ಹೊಸ್ತಿಲು ತುಳೀಬ್ಯಾಡ’ ಅಂದೆ. ನಾನು ತುಳಿದಿಲ್ಲ. ಅವ್ವನನ್ನು ನೋಡಬೇಕು ಅನ್ನಿಸುತ್ತದೆ, ಅಷ್ಟೇ. ಅವಳಿಗೆ ಇದನ್ನು ಓದಿ ಹೇಳು.

ನಿನ್ನ ತಂಗಿ
ಶೋಭಿತಾ

*

ಬ್ಲಫ್
3 ಆಗಸ್ಟ್ 2025

ಶೋಭಿತಾಳಿಗೆ,

ನಾವೆಲ್ಲ ಬದುಕಿದ್ದೇವೆ. ಬೈಕಿನಲ್ಲಿ ಒಂದೂವರೆ ಗಂಟೆಯ ದಾರಿ ಬರಲು ನಿನ್ನ ಕಾಗದ ಒಂದು ವಾರ ತೆಗೆದುಕೊಂಡಿದೆ. ಪೋಸ್ಟ್‌ಮ್ಯಾನ್ ಮಹದೇವಯ್ಯ ‘ಯಾರ್ ಶಿವರಾಜಣ್ಣ ಇದು, ಈ ಕಾಲ್ದಲ್ಲಿ ಕಾಗ್ದ ಬರ್ದವ್ರೆ?’ ಎಂದು ಕೇಳಿದ. ಏನು ಹೇಳಲಿ? ನನ್ನ ತಂಗಿ ಸನ್ಯಾಸಿಯಾಗಿದ್ದಾಳೆ ಅಂದೆ.

ಬಾಯಿ ಬಿಟ್ಟು ಕೇಳುತ್ತೇನೆ, ಯಾರಮ್ಮಿ ಅವನು? ಸುಮ್ಮಸುಮ್ಮನೆ ಯಾರೂ ಸಿಮ್ ಮುರಿಯುವುದಿಲ್ಲ. ಆ ಕೂಟದಲ್ಲಿ ಯಾವನೋ ಗಿಟಾರು ಹಿಡಿದವನು ಇರಬೇಕು, ಅವನನ್ನು ಕಟ್ಟಿಕೊಳ್ಳುವುದಕ್ಕೆ ಈ ಹೊಳೆಯಲ್ಲಿ ಮುಳುಗುವ ಕಥೆ. ಇದ್ದರೆ ಹೇಳಿಬಿಡು. ಬೈಯುತ್ತೇನೆ, ಆದರೆ ಕೊಲ್ಲುವುದಿಲ್ಲ.

ನಿನ್ನ ಅತ್ತಿಗೆ ವನಜಾ ಚೆನ್ನಾಗಿದ್ದಾಳೆ. ಬ್ಲಫ್ ಪವರ್ ಹೌಸಿನಲ್ಲಿ ನನಗೆ ಪಾಳಿ ಮೇಲೆ ಪಾಳಿ. ಅವ್ವ ಮಾತು ಕಡಿಮೆ ಮಾಡಿದ್ದಾಳೆ. ಅಪ್ಪನ ಟವೆಲನ್ನು ಇನ್ನೂ ಗೂಟದಿಂದ ತೆಗೆದಿಲ್ಲ. ನಿನ್ನ ಕಾಗದ ಓದಿ ಹೇಳಿದೆ. ಬಿಯರ್ ವಿಷಯ ಬಿಟ್ಟೆ. ‘ಕೂಸು ಸರ್ಯಾಗ್ ಉಣ್ತಾವ್ಳಾ ಕೇಳು’ ಅಂದಳು. ಕೇಳಿದ್ದೇನೆ.

ಮುಂದಿನ ತಿಂಗಳು ಪಕ್ಷದ ಹಬ್ಬ. ಪಕ್ಷದಲ್ಲಿ ಅಪ್ಪನಿಗೆ ಇಡುವ ಮೊದಲನೇ ಎಡೆ. ನೀನು ನಂಬು, ಬಿಡು, ಅದು ನಿನ್ನ ದೇವರ ಹತ್ತಿರ ಮಾತಾಡಿಕೋ. ಬಂದು ಒಂದು ಮೂಲೆಯಲ್ಲಿ ಕೂತು ಎರಡು ತುತ್ತು ಉಂಡು ಹೋಗು. ಉಣ್ಣುವುದರಲ್ಲಿ ಏನಾದದು ಬುಡು! ಹೊಸ್ತಿಲಿನ ಮಾತು ಆಮೇಲೆ ನೋಡೋಣ.

ಶಿವರಾಜು

*

ಗೆಜ್ಜಲಗೆರೆ
17 ಆಗಸ್ಟ್ 2025, ಭಾನುವಾರ

ಅಣ್ಣಯ್ಯನಿಗೆ,

ಗಿಟಾರಿನವನು ಯಾರೂ ಇಲ್ಲ. ನಮ್ಮ ಕೂಟದಲ್ಲಿರುವುದು ಒಂದು ಡೋಲಕ್, ಅದನ್ನು ಬಾರಿಸುವವರಿಗೆ ಅರವತ್ತು ವರ್ಷ.

ಫೋನು ಬಿಟ್ಟಿದ್ದಕ್ಕೆ ಕಾರಣ ಹೇಳುತ್ತೇನೆ, ಇದನ್ನು ಅವ್ವನಿಗೆ ಓದಬೇಡ. ನಮ್ಮ ಲೈನಿಗೆ ಒಬ್ಬ ಸೂಪರ್‌ವೈಸರ್ ಇದ್ದಾನೆ. ಮದುವೆಯಾದವನು. ಹೆಸರು ಹೇಳಿದರೆ ನೀನು ಮಚ್ಚು ಹಿಡಿದುಕೊಂಡು ಬರುತ್ತೀಯ. ದಿನಾ ಮೆಸೇಜು ಹಾಕುತ್ತಿದ್ದ. ಒಂದು ಭಾನುವಾರ ಎಲ್ಲರೂ ಬೈಕಿನಲ್ಲಿ ಹೈವೇ ಡಾಬಾಕ್ಕೆ ಹೊರಟರು, ನಾನು ಅವನ ಹಿಂದೆ ಕೂತೆ. ಏನೂ ಆಗಲಿಲ್ಲ. ಆದರೆ ಅಣ್ಣಯ್ಯ, ನನಗೆ ಅದು ಇಷ್ಟವಾಯಿತು. ಅದೇ ನನ್ನ ಭಯ. ಮಾರನೆಯ ದಿನ ಎಲ್ಲ ಹುಡುಗಿಯರೂ ಇದೊಂದು ದೊಡ್ಡ ವಿಷಯವೇ ಅಲ್ಲ ಎನ್ನುವ ಹಾಗೆ ನಕ್ಕರು. ತಡೆಯುವವರು ಒಬ್ಬರೂ ಇಲ್ಲದ ಜಾಗದಲ್ಲಿ ನನ್ನನ್ನು ನಾನೇ ತಡೆಯಬೇಕಲ್ಲವೇ?

ನಾನು ಒಳ್ಳೆಯವಳು ಎಂದು ಇಷ್ಟು ಬಿಗಿಯಾಗಿಲ್ಲ. ಒಳ್ಳೆಯವಳಲ್ಲ ಎಂದು ಬಿಗಿಯಾಗಿದ್ದೇನೆ. ಹೊಲಿಗೆಯಲ್ಲಿ ಒಂದು ಕಡೆ ದಾರ ತಪ್ಪಿದರೆ ಅಲ್ಲಿಂದಲೇ ಎಲ್ಲ ಬಿಚ್ಚುತ್ತಾ ಹೋಗುತ್ತದೆ. ‘ಉಣ್ಣುವುದರಲ್ಲಿ ಏನಾದದು ಬುಡು’ ಎಂದು ನೀನು ಬರೆದೆಯಲ್ಲ, ಅದೇ ಮಾತನ್ನು ನಾನು ಇಲ್ಲಿ ದಿನವೂ ಕೇಳುತ್ತೇನೆ. ಅದಕ್ಕೇ ಭಯವಾಗುತ್ತದೆ.

ಇಷ್ಟನ್ನು ಮಾತ್ರ ಅವ್ವನಿಗೆ ಓದು. ಅವ್ವಾ, ಎಡೆಗೆ ಇಟ್ಟದ್ದನ್ನು ನಾನು ತಿನ್ನಲಾರೆ. ಎಡೆಗೆ ಇಡದೇ ಇದ್ದದ್ದಾದರೆ ನಿನ್ನ ಕೈಯಿಂದ ಏನು ಕೊಟ್ಟರೂ ತಿನ್ನುತ್ತೇನೆ, ಹಳಸಿದ್ದಾದರೂ ಸರಿಯೇ. ಇದು ನಿನ್ನ ಮೇಲಿನ ಕೋಪ ಅಲ್ಲ.

ಹಬ್ಬಕ್ಕೆ ಬರುವುದಿಲ್ಲ. ಕ್ಷಮಿಸು.

ಶೋಭಿತಾ

*

ಬ್ಲಫ್
10 ಸೆಪ್ಟೆಂಬರ್ 2025

ಶೋಭಿ,

ಆ ಬೇವರ್ಸಿಯ ಹೆಸರು ಹೇಳದೆ ಒಳ್ಳೆಯದು ಮಾಡಿದೆ. ಆ ಕೆಲಸ ಬಿಟ್ಟು ಮಳವಳ್ಳಿಯಲ್ಲಿ ಏನಾದರೂ ನೋಡಿಕೋ ಅಂದರೆ ಕೇಳುತ್ತೀಯಾ? ಕೇಳಲ್ಲ. ನಿನ್ನದೇ ಹಟ. ಬೈಕಿನ ಹಿಂದೆ ಕೂತಿದ್ದಕ್ಕೆ ಅಪ್ಪನ ಎಡೆ ಯಾಕೆ ಬಿಡಬೇಕು, ಅದು ನನಗೆ ಅರ್ಥವಾಗಲಿಲ್ಲ. ಆಗುವುದೂ ಇಲ್ಲ.

ಅವ್ವನಿಗೆ ನೀನು ಹೇಳಿದಷ್ಟು ಓದಿದೆ. ‘ಎಡೆಗೆ ಮಡಗ್ದೆ ಇದ್ದದ್ದು ಅಂತ ಬರ್ದವ್ಳಾ? ಇನ್ನೊಂದ್ ಸಲ ಓದ್ಲಾ’ ಅಂದಳು. ಇನ್ನೊಂದು ಸಲ ಓದಿದೆ. ಬೆರಳಿಗೆ ಸೆರಗು ಸುತ್ತಿಕೊಂಡು ಕೂತಳು. ನಾನು ಹೇಳಿದೆ, ಆ ದಿನ ಎಡೆಗೆ ಇಡದ ಅಡುಗೆ ಎಲ್ಲಿಂದ ಬರುತ್ತದೆ ಅವ್ವ, ಇವಳಿಗೆ ನಮ್ಮ ಮನೆ ರೀತಿ ಮರೆತುಹೋಗಿದೆ ಅಂತ. ನಿನಗೂ ನೆನಪಿಸುತ್ತೇನೆ. ಎಡೆ ಇಡುವ ತನಕ ಆ ಒಲೆಯ ಮೇಲೆ ಬೇರೆಯವರ ಪಾಲಿಗೆ ಏನೂ ಬೇಯಬಾರದು. ಮಾಡುವವಳು ಉಪವಾಸ ಇರಬೇಕು, ಉಪ್ಪು ಸಹ ನಾಲಿಗೆಗೆ ಹಚ್ಚಿ ನೋಡಬಾರದು. ಸತ್ತವರ ಮೀಸಲು ಮುಟ್ಟಿದರೆ ಅವರು ಹಸಿದುಕೊಂಡೇ ವಾಪಸು ಹೋಗುತ್ತಾರೆ. ಅವ್ವ ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಲ್ಲ.

ಅಮಾವಾಸ್ಯೆ ಇಪ್ಪತ್ತೊಂದನೇ ತಾರೀಖು, ಭಾನುವಾರ. ನಿನಗೂ ರಜೆ. ಬಂದರೆ ಬಾ. ನಾನಂತೂ ನಿನ್ನನ್ನು ಕರೆಯಲು ಗೆಜ್ಜಲಗೆರೆ ಕಡೆ ತಲೆ ಹಾಕುವುದಿಲ್ಲ. ನನಗೂ ಒಂದು ಮಾನ ಇದೆ.

ಶಿವರಾಜು

*

ಗೆಜ್ಜಲಗೆರೆ
22 ಸೆಪ್ಟೆಂಬರ್ 2025

ಅಣ್ಣಯ್ಯನಿಗೆ,

ನಿನ್ನೆ ಸಂಜೆ ನಿನ್ನ ಜೊತೆ ಕೆಲಸ ಮಾಡುವ ಅಂಕಯ್ಯನವರು ಮದ್ದೂರಿನ ಮನೆಗೆ ಹೋಗುವ ದಾರಿಯಲ್ಲಿ ಇಳಿದು ಊಟದ ಕ್ಯಾರಿಯರ್ ಕೊಟ್ಟರು. ‘ನಿಮ್ಮವ್ವ ಯೋಳವ್ರೆ, ಒಂದೂ ಯೋಚ್ನೆ ಮಾಡ್ದೆ ಉಣ್ಬೇಕಂತೆ’ ಅಂದರು. ಬೇರೆ ದಿನವೇ ಸಿಗಲಿಲ್ಲವೇ ನಿಮಗೆ? ಎಡೆಯ ದಿನವೇ ಕಳಿಸಬೇಕಿತ್ತೇ?

ನಾನು ಬೆಳಗಿನಿಂದ ಉಪವಾಸ ಇದ್ದೆ. ಮನಸ್ಸು ಮನೆಯ ಕಡೆ ಎಳೆಯದಿರಲಿ ಎಂದು ಪ್ರಾರ್ಥನೆ ಮಾಡುತ್ತಾ ಕೂತಿದ್ದೆ. ಮುಚ್ಚಳ ತೆಗೆದೆ. ನಾಟಿಕೋಳಿ ಸಾರು, ಮುದ್ದೆ. ರೂಮೆಲ್ಲ ನಮ್ಮ ಮನೆಯ ಹಿತ್ತಲಿನ ವಾಸನೆ. ನಾಗಶ್ರೀ ‘ನಿಂಗ್ ಬ್ಯಾಡ ಅಂದ್ರೆ ಇತ್ಲಾಗ್ ಕೊಡಮ್ಮಿ, ದೇವ್ರಾಣೆ ನಾವು ಉಣ್ತೀವಿ’ ಎಂದು ತಟ್ಟೆ ಹಿಡಿದು ನಿಂತಳು. ನಾನು ತಿನ್ನಬಾರದ್ದನ್ನು ಅವಳಿಗೆ ಹೇಗೆ ಕೊಡಲಿ? ಅದೂ ಅಲ್ಲದೆ, ಅವಳು ಉಣ್ಣುವುದನ್ನು ನೋಡುತ್ತಾ ಕೂತರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಕಾಂಪೌಂಡಿನ ಆಚೆ ಹೊಂಗೆ ಮರದ ಕೆಳಗೆ ಸುರಿದುಬಿಟ್ಟೆ. ನಾಯಿಗಳು ಬಂದವು. ನಾನು ತಿರುಗಿ ನೋಡಲಿಲ್ಲ.

ಕ್ಯಾರಿಯರನ್ನು ತೊಳೆದು ಒರೆಸಿ, ಇವತ್ತು ಬೆಳಿಗ್ಗೆ ಅಂಕಯ್ಯನವರು ಬಂದಾಗ ಅವರ ಕೈಗೆ ಹಾಗೇ ಕೊಟ್ಟೆ. 

ನನ್ನನ್ನು ಹೀಗೆ ಪರೀಕ್ಷೆ ಮಾಡಬೇಡಿ ಅಣ್ಣಯ್ಯ. ಇಲ್ಲಿ ಆ ಸೂಪರ್‌ವೈಸರ್, ಅಲ್ಲಿ ನೀವು. ಎಲ್ಲ ಕಡೆಯಿಂದಲೂ ನನ್ನನ್ನೇ ಎಳೆದರೆ ನಾನು ಎಲ್ಲಿ ನಿಲ್ಲಲಿ? ಸೂಪರ್‌ವೈಸರ್ ಮಾತೊಂದು ಬಿಟ್ಟು ಇದನ್ನು ಅವ್ವನಿಗೆ ಪೂರ್ತಿ ಓದಿ ಹೇಳು. ಎಡೆಯ ಊಟವನ್ನು ಇನ್ನೆಂದೂ ಕಳಿಸಬೇಡಿ.

ಶೋಭಿತಾ

*

ಬ್ಲಫ್
12 ಅಕ್ಟೋಬರ್ 2025

ಶೋಭಿತಾ,

ನಿನ್ನ ಕಾಗದ ಬಂದು ದಿನಗಳಾದವು. ಮೊದಲು ಬರೆದದ್ದನ್ನು ಹರಿದು ಹಾಕಿದೆ, ಅದರಲ್ಲಿ ಬರೀ ಬೈಗುಳ ಇತ್ತು. ಈಗ ಸಮಾಧಾನದಲ್ಲಿ ಬರೆಯುತ್ತಿದ್ದೇನೆ. ಕ್ಯಾರಿಯರ್ ಕಳಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಅವ್ವ ತಾನೇ ಅಂಕಯ್ಯನ ಕೈಗೆ ಕೊಟ್ಟಿದ್ದಾಳೆ.

ಅನ್ನವನ್ನು ನಾಯಿಗೆ ಸುರಿದೆಯಲ್ಲ, ನಿನ್ನ ದೇವರು ಮೆಚ್ಚಿದನಾ? ನಾಗಶ್ರೀಗಾದರೂ ಕೊಡಬಾರದಿತ್ತಾ? ಪಾಪ, ತಟ್ಟೆ ಹಿಡಿದು ನಿಂತಿದ್ದಳಂತೆ!

ಇರಲಿ. ಕ್ಯಾರಿಯರ್ ಬಂದ ದಿನ ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಡಬ್ಬಿ ಬಿಚ್ಚಿ ಒಳಗೆ ನೋಡಿದಳು. ಮತ್ತೆ ಮುಚ್ಚಿ ಗೂಡಿನಲ್ಲಿ ಇಟ್ಟಳು. ನಾಲ್ಕು ದಿನ ಬಿಟ್ಟು ನಿನ್ನ ಕಾಗದ ಬಂತು. ‘ಉಂಡ್ಲಂತಾ?’ ಎಂದು ಕೇಳಿದಳು. ನಿನ್ನ ಕಾಗದ ನನ್ನ ಕೈಯಲ್ಲಿತ್ತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಓದಿದೆ, ‘ಅವ್ವಾ, ಚೆನ್ನಾಗಿತ್ತು, ಹೊಟ್ಟೆ ತುಂಬಾ ಉಂಡೆ.’ ಹಾಗಂತ ನಿನ್ನ ಹೆಸರಿನಲ್ಲಿ ನಾನು ಓದಿದೆ. ಏನು ಮಾಡಲಿ ಮತ್ತೆ? ನೀನಾದರೆ ಆ ಮುಖ ನೋಡಿಕೊಂಡು ನಾಯಿ ಬಂದವು ಎಂದು ಓದುತ್ತಿದ್ದೆಯಾ?

ಆವತ್ತಿನಿಂದ ಒಂದೇ ಪ್ರಶ್ನೆ. ‘ಉಪ್ಪು ಸರ್ಯಾಗಿತ್ತಾ ಕೇಳ್ ಬರಿ ಅವಳ್ನ. ಎಲ್ಡ್ ಸಲ ಹಾಕ್ಬುಟ್ನೇನೋ ಅಂತ ಅನ್ಮಾನ.’ ನಾವು ಉಂಡ ಸಾರಿನಲ್ಲಿ ಉಪ್ಪು ಸರಿಯಾಗಿಯೇ ಇತ್ತು ಅಂದರೂ ಕೇಳುವುದಿಲ್ಲ. ‘ನಿಮ್ದಲ್ಲ, ಅವಳ್ದು ಕೇಳು’ ಅನ್ನುತ್ತಾಳೆ. ವಯಸ್ಸಾಯಿತು, ಏನೋ ಬಡಬಡಿಸುತ್ತಾಳೆ. ನೀನು ‘ಸರಿಯಾಗಿತ್ತು’ ಎಂದು ಒಂದು ಸಾಲು ಬರೆದುಬಿಡು, ಮುಗಿಯಿತು.

ಶಿವರಾಜು

*

ಗೆಜ್ಜಲಗೆರೆ
19 ಅಕ್ಟೋಬರ್ 2025, ಭಾನುವಾರ

ಅಣ್ಣಯ್ಯನಿಗೆ,

ಆ ಒಂದು ಸಾಲು ನಾನು ಬರೆಯಲಾರೆ.

ನೀನು ಎಂಥ ಕೆಲಸ ಮಾಡಿಟ್ಟೆ! ನನ್ನ ಬಾಯಿಂದ ಬರದ ಮಾತನ್ನು ನನ್ನ ಹೆಸರಿನಲ್ಲಿ ಓದಿದೆ. ನಮ್ಮಲ್ಲಿ ನೀರಿಗೆ ಇಳಿದ ಮೇಲೆ ಇಂದ್ರಮ್ಮ ಆಂಟಿ ಎಲ್ಲರೆದುರು ಕೇಳುತ್ತಾರೆ, ಯಾರ ಮೇಲಾದರೂ ಹಗೆ ಉಳಿದಿದೆಯೇ, ನಾಲಿಗೆಯ ಮೇಲೆ ಸುಳ್ಳು ಉಳಿದಿದೆಯೇ ಎಂದು. ಇಲ್ಲ ಎಂದ ಮೇಲೆಯೇ ಮುಳುಗಿಸುವುದು. ನವೆಂಬರ್ ಹದಿನಾರಕ್ಕೆ ನಾನು ಏನು ಹೇಳಲಿ? ಅವ್ವ ಬ್ಲಫ್‌ನಲ್ಲಿ ಕೂತು ನಾನು ಉಂಡೆ ಎಂದು ನಂಬಿಕೊಂಡಿರುತ್ತಾಳೆ, ನಾನು ಇಲ್ಲಿ ಹೊಳೆಯಲ್ಲಿ ನಿಂತು ನನ್ನ ನಾಲಿಗೆ ಶುದ್ಧ ಎನ್ನಲೇ?

ಅವಳಿಗೆ ನಿಜ ಹೇಳಿಬಿಡು. ನೀನು ಹೇಳದಿದ್ದರೆ ಅತ್ತಿಗೆಗೆ ಬರೆದು ಅವರಿಂದ ಓದಿಸುತ್ತೇನೆ.

ಇಲ್ಲಿ ಲೈನಿನಲ್ಲಿ ಆ ಸೂಪರ್‌ವೈಸರ್ ನನ್ನನ್ನು ಬಾಗಿಲ ಪಕ್ಕದ ಮಿಷನ್ನಿಗೆ ಹಾಕಿದ್ದಾನೆ, ಬಂದು ಹೋಗುವಾಗಲೆಲ್ಲ ಅವನು ಅಲ್ಲಿ ನಿಲ್ಲಬಹುದಲ್ಲ ಎಂದು. ದಿನವೂ ಒಂದು ಮುಖ ಹೊತ್ತುಕೊಂಡು ಕೂರುತ್ತೇನೆ. ರೂಮಿಗೆ ಬಂದರೆ ಇನ್ನೊಂದು. ಕೂಟದಲ್ಲಾದರೂ ಒಂದೇ ಮುಖ ಇರಲಿ ಎಂದು ಆಸೆಪಟ್ಟಿದ್ದೆ ಅಣ್ಣಯ್ಯ. ಅದನ್ನೂ ಕಿತ್ತುಕೊಂಡೆಯಲ್ಲ.

ಶೋಭಿತಾ

*

ಬ್ಲಫ್
2 ನವೆಂಬರ್ 2025

ಶೋಭಿ,

ಹೇಳಬೇಕೆಂದುಕೊಂಡಿದ್ದೆ. ನಿಜವಾಗಿ. ಆದರೆ ಹೋದ ವಾರ ವನಜಾ ಒಂದು ವಿಷಯ ಹೇಳಿದಳು. ಅದನ್ನು ಕೇಳಿದ ಮೇಲೆ ಆ ಯೋಚನೆ ಬಿಟ್ಟೆ. ನೀನೂ ಕೇಳು.

ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ವನಜಾಳಿಗೆ ಸೌದೆ ಗೂಡಿನ ಹಿಂದೆ ಒಂದು ಚಿಕ್ಕ ಮಡಕೆ ಸಿಕ್ಕಿದೆ, ತಳವೆಲ್ಲ ಮಸಿ. ‘ಇದ್ಯಾವಾಗ ಒಲೆಗೆ ಇಟ್ರಿ ಅತ್ತೆ?’ ಎಂದು ಕೇಳಿದ್ದಾಳೆ. ಅವ್ವ ಮೊದಲು ಮಾತು ಹಾರಿಸಿದಳಂತೆ. ಆಮೇಲೆ ಒಂದೇ ಸಲಕ್ಕೆ ಹೇಳಿಕೊಂಡಿದ್ದಾಳೆ. ಎಡೆಯ ದಿನ ಬೆಳಕು ಹರಿಯುವ ಮುಂಚೆ, ನಾವಿಬ್ಬರೂ ಏಳುವ ಮುಂಚೆ, ಆ ಮಡಕೆಯಲ್ಲಿ ನಿನಗೆ ಬೇರೆಯಾಗಿ ಸಾರು ಮಾಡಿದ್ದಾಳೆ. ಅಪ್ಪನ ಪಾಲಿನ ಅಡುಗೆ ಆ ಒಲೆಗೆ ಏರುವುದಕ್ಕೆ ಮೊದಲು. ನೀನೇ ಬರೆದಿದ್ದೆಯಲ್ಲ, ಎಡೆಗೆ ಇಡದೇ ಇದ್ದದ್ದಾದರೆ ತಿನ್ನುತ್ತೇನೆ ಅಂತ. ಆ ಸಾಲನ್ನು ಎರಡು ಸಲ ಓದಿಸಿಕೊಂಡಿದ್ದು ಅದಕ್ಕೆ.

ನಿನ್ನ ಊಟ ಎಡೆಯದ್ದಲ್ಲ ಶೋಭಿ. ಅದನ್ನು ಎಡೆಯ ಹತ್ತಿರಕ್ಕೂ ತಂದಿಲ್ಲ. ನಿನಗೋಸ್ಕರ ಅವಳೇ ತನ್ನ ಮೀಸಲು ಮುರಿದಿದ್ದಾಳೆ. ನನಗೆ ಗೊತ್ತಾದರೆ ರಂಪ ಮಾಡುತ್ತೇನೆ ಎಂದು ಅಂಕಯ್ಯನ ಹತ್ತಿರವೂ ಬಾಯಿ ಬಿಡಲಿಲ್ಲ. ಉಪವಾಸ ಇದ್ದಿದ್ದರಿಂದ ಉಪ್ಪು ನೋಡಲಿಲ್ಲ. ಕತ್ತಲಲ್ಲಿ ಎರಡು ಸಲ ಹಾಕಿದೆನೇನೋ ಎಂಬ ಅನುಮಾನ. ಅದಕ್ಕೇ ನಿನ್ನನ್ನು ಕೇಳುತ್ತಿರುವುದು.

ಆವತ್ತು ಮಾಳಿಗೆಯ ಮೇಲೆ ಇಟ್ಟ ಅಪ್ಪನ ಪಾಲನ್ನು ಕಾಗೆ ಮುಟ್ಟಿರಲಿಲ್ಲ. ಮೋಡ ಇದೆ, ಅದಕ್ಕೇ ಎಂದು ನಾನು ಹೇಳಿದ್ದೆ. ಅವ್ವ ಮಾತ್ರ ಆ ದಿನದಿಂದ ಅಪ್ಪ ಹಸಿದುಕೊಂಡೇ ಹೋದರು ಎಂದು ಒಳಗೊಳಗೇ ಬೇಯುತ್ತಿದ್ದಾಳೆ. ವನಜಾ ‘ಯಾಕತ್ತೆ ಹಿಂಗ್ ಮಾಡುದ್ರಿ?’ ಎಂದಿದ್ದಕ್ಕೆ, ‘ಸತ್ತೋರು ಮುಂದಿನ್ ವರ್ಸದ್ ಗಂಟ ಕಾದಾರು ಕಣವ್ವ. ಹಸ್ದಿರೋ ಕೂಸು ಕಾದಾಳಾ?’ ಅಂದಳಂತೆ.

ನನಗೂ ಕೋಪ ಬಂತು. ಅಪ್ಪನ ಮೊದಲ ಪಕ್ಷದ ಎಡೆ, ನಾನು ಇಟ್ಟಿದ್ದು. ಆದರೆ ಯಾರ ಮೇಲೆ ಕೋಪ ಮಾಡಲಿ?

ಈಗ ಹೇಳು ನೋಡೋಣ. ನಿನ್ನ ನಾಲಿಗೆ ಶುದ್ಧವಾಗಬೇಕು ಎಂದು ಅವಳಿಗೆ ನಿಜ ಹೇಳುತ್ತೀಯಾ? ಗಂಡನನ್ನು ಹಸಿವಿನಲ್ಲಿ ಕಳಿಸಿದ್ದೂ ದಂಡ, ಮಗಳು ಉಣ್ಣಲೂ ಇಲ್ಲ ಎಂದು ತಿಳಿದು ಅವಳು ಬದುಕಬೇಕಾ? ಕೈ ಮುಗಿಯುತ್ತೇನೆ, ಸುಮ್ಮನಿದ್ದುಬಿಡು. ನಿನ್ನ ದೇವರಿಗೆ ನನ್ನ ಹೆಸರು ಹೇಳು. ಆ ಪಾಪ ನನ್ನ ತಲೆಯ ಮೇಲಿರಲಿ.

ಶಿವರಾಜು

*

ಗೆಜ್ಜಲಗೆರೆ
16 ನವೆಂಬರ್ 2025, ಭಾನುವಾರ

ಅವ್ವಾ,

ಅಣ್ಣಯ್ಯ ಇದನ್ನು ಓದುತ್ತಾನೆ. ಅಣ್ಣಯ್ಯ, ನಿನ್ನ ಕಾಲಿಗೆ ಬೀಳುತ್ತೇನೆ, ಒಂದು ಅಕ್ಷರವನ್ನೂ ಬದಲಾಯಿಸಬೇಡ.

ಇವತ್ತು ನನ್ನ ದೀಕ್ಷಾಸ್ನಾನ ಆಗಬೇಕಿತ್ತು. ಬಿಳಿ ಬಟ್ಟೆ ಉಟ್ಟು ಶಿಂಷಾ ಹೊಳೆಗೆ ಇಳಿದೆ. ನೀರು ಸೊಂಟದ ತನಕ ಇತ್ತು, ತಣ್ಣಗೆ. ದಡದ ಮೇಲೆ ಕೂಟದವರೆಲ್ಲ ಹಾಡುತ್ತಿದ್ದರು. ನಾಗಶ್ರೀಯೂ ಬಂದಿದ್ದಳು, ‘ನೆಂದ್ರೆ ನೆಗಡಿ ಆಯ್ತದೆ’ ಎಂದು ತನ್ನ ಟವೆಲು ಹಿಡಿದುಕೊಂಡು. ಇಂದ್ರಮ್ಮ ಆಂಟಿ ನನ್ನ ತಲೆಯ ಮೇಲೆ ಕೈ ಇಟ್ಟು ಕೇಳಿದರು, ನಾಲಿಗೆಯ ಮೇಲೆ ಸುಳ್ಳು ಉಳಿದಿದೆಯೇ ಎಂದು. ‘ಇಲ್ಲ’ ಅನ್ನಬೇಕೆಂದೇ ಹೋಗಿದ್ದೆ. ರಾತ್ರಿಯೆಲ್ಲ ಅದನ್ನೇ ಅಭ್ಯಾಸ ಮಾಡಿದ್ದೆ. ಬಾಯಿ ತೆರೆದರೆ ಮಾತು ಬರಲಿಲ್ಲ. ಹಾಡು ನಿಂತಿತು. ಎಲ್ಲರೂ ನೋಡುತ್ತಿದ್ದರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಆ ನೀರಿನಲ್ಲಿ ನಿಂತುಕೊಂಡೇ ಇದ್ದೆ.

ಆಂಟಿ ಬೈಯಲಿಲ್ಲ. ಕಿವಿಯ ಹತ್ತಿರ ಬಗ್ಗಿ ‘ಯಾರ ಹತ್ರ ಬಾಕಿ ಇದೆ ಮಗಳೇ?’ ಅಂದರು. ‘ನಮ್ಮವ್ವನ ಹತ್ರ’ ಅಂದೆ. ‘ಹಂಗಾದ್ರೆ ಮೇಲಕ್ಕೆ ಹೋಗು, ಅದನ್ನ ಮುಗಿಸಿ ಬಾ’ ಅಂದರು. ತಲೆ ನೆನೆಯದೆ ಮೇಲಕ್ಕೆ ಬಂದೆ.

ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಉಪ್ಪು ಸರಿಯಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಅವ್ವಾ. ನಾನು ಉಣ್ಣಲಿಲ್ಲ. ಅದು ಎಡೆಯದ್ದು ಅಂದುಕೊಂಡು ಹೊಂಗೆ ಮರದ ಕೆಳಗೆ ಸುರಿದುಬಿಟ್ಟೆ, ನಾಯಿಗಳು ತಿಂದವು. ಎಡೆಗೆ ಇಡದೇ ಇದ್ದದ್ದಾದರೆ ತಿನ್ನುತ್ತೇನೆ ಎಂದು ಬರೆದವಳು ನಾನೇ. ನೀನು ಅದನ್ನು ನಂಬಿದೆ. ನಾನು ನಿನ್ನನ್ನು ನಂಬಲಿಲ್ಲ. ಅಂಕಯ್ಯನವರು ‘ಯೋಚ್ನೆ ಮಾಡ್ದೆ ಉಣ್ಣು’ ಅಂದಾಗ ಇದರಲ್ಲೂ ಏನೋ ಮೋಸ ಇದೆ ಅಂದುಕೊಂಡೆ. ನನ್ನನ್ನು ಶುದ್ಧವಾಗಿ ಇಟ್ಟುಕೊಳ್ಳುವ ಗಡಿಬಿಡಿಯಲ್ಲಿ ನಿನ್ನ ಕೈಯನ್ನೇ ಅನುಮಾನಿಸಿದೆ. ನನಗೆ ನಾಚಿಕೆಯಾಗುತ್ತಿದೆ.

ಅಣ್ಣಯ್ಯ ನಿನಗೆ ಸುಳ್ಳು ಓದಿದ್ದು ನಿನ್ನ ಮೇಲಿನ ಪ್ರೀತಿಗೆ. ಅವನನ್ನು ಬೈಯಬೇಡ.

ನಿನ್ನ ಮಗಳು
ಶೋಭಿತಾ

*

ಬ್ಲಫ್
30 ನವೆಂಬರ್ 2025

ಶೋಭಿ,

ಓದಿದೆ. ಒಂದು ಅಕ್ಷರವನ್ನೂ ಬದಲಾಯಿಸಲಿಲ್ಲ. ಅದಕ್ಕೆ ಮೊದಲು ಕಾಗದವನ್ನು ಎರಡು ದಿನ ಜೇಬಿನಲ್ಲಿ ಇಟ್ಟುಕೊಂಡು ಪವರ್ ಹೌಸಿಗೆ ಹೋಗಿಬಂದೆ, ಅದನ್ನೂ ಹೇಳಿಬಿಡುತ್ತೇನೆ. ಕೊನೆಗೆ ವನಜಾ ‘ಓದ್ತೀರಾ, ನಾನ್ ಓದ್ಲಾ?’ ಎಂದು ಕೈ ಚಾಚಿದಳು.

ನಾಯಿಯ ವಿಷಯ ಓದುತ್ತಾ ಅವಳ ಮುಖ ನೋಡಿದೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ‘ಗೊತ್ತಿತ್ತು ಬುಡು’ ಅಂದಳು.

ನಾನು ಕಾಗದ ಕೆಳಗಿಟ್ಟೆ. ಏನು ಗೊತ್ತಿತ್ತು ಅವ್ವಾ ಎಂದೆ. ‘ಕ್ಯಾರಿಯರ್ ಬರಿದು ಬಂದಿತ್ತಲ್ಲ. ಉಂಡಿದ್ರೆ ಬರೀ ಪಾತ್ರೆ ಕಳ್ಸೋಳಾ ನನ್ ಮಗ್ಳು? ಒಂದ್ ಚಿಟಿಕೆ ಸಕ್ರೆನಾದ್ರೂ ಹಾಕ್ ಕಳ್ಸೋಳು. ಅಷ್ಟೂ ಕಲ್ಸಿಲ್ವಾ ನಾನು?’ ಆವತ್ತು ಒಂದೊಂದೇ ಡಬ್ಬಿ ಬಿಚ್ಚಿ ನೋಡಿದ್ದು ಅದಕ್ಕೆ! ನಾನು ಪಕ್ಕದಲ್ಲೇ ಕೂತಿದ್ದೆ, ಹೊಳೆಯಲಿಲ್ಲ.

ಹಾಗಾದರೆ ನಾನು ಸುಳ್ಳು ಓದುವಾಗ ನೀನು ಸುಮ್ಮನೆ ಯಾಕೆ ಕೂತಿದ್ದೆ ಎಂದು ಕೇಳಿದೆ. ‘ನೀನು ಅಷ್ಟ್ ಕಷ್ಟಪಟ್ ಸುಳ್ ಓದ್ತಿದ್ದೆ, ಯಾಕ್ ಬೇಜಾರ್ ಮಾಡ್ಲಿ ಅಂತ’ ಅಂದಳು. ಉಪ್ಪು ಯಾಕೆ ಕೇಳುತ್ತಿದ್ದೆ ಎಂದರೆ, ‘ಅವಳಾಗೇ ಬಾಯ್ ಬುಡ್ಲಿ ಅಂತ. ಒಳಗೇ ಮಡಿಕಂಡ್ರೆ ಕೂಸ್ಗೆ ಅನ್ನ ಸೇರಾಕಿಲ್ಲ.’ ನಾವಿಬ್ಬರೂ ಬುದ್ಧಿವಂತರು ಅಂದುಕೊಂಡು ಇಷ್ಟು ದಿನ ಕಾಗದ ಬರೆದಿದ್ದೇ ಬರೆದಿದ್ದು ಶೋಭಿ.

ಅವ್ವನಿಗೆ ನೋವಾಗಲಿಲ್ಲ ಎಂದು ಹೇಳಿದರೆ ಅದು ಮತ್ತೊಂದು ಸುಳ್ಳಾಗುತ್ತದೆ. ನೀನು ಸುರಿದೆ ಎಂದು ಅವಳಿಗೆ ಗೊತ್ತಿರಲಿಲ್ಲ, ಯಾರಿಗೋ ಕೊಟ್ಟಿರುತ್ತೀಯ ಅಂದುಕೊಂಡಿದ್ದಳು. ‘ನಾಯ್ ತಿಂದ್ವಂತಾ?’ ಎಂದು ಮತ್ತೆ ಕೇಳಿದಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ ‘ಓಗ್ಲಿ. ಅವೂ ಹಸ್ದಿದ್ದೋ ಏನೋ’ ಅಂದಳು. 

ಇವತ್ತು ಬೆಳಿಗ್ಗೆ ಎದ್ದು ಸಾರು ಮಾಡಿದ್ದಾಳೆ. ಹಬ್ಬ ಇಲ್ಲ, ಅಮಾವಾಸ್ಯೆ ಇಲ್ಲ, ಯಾರಿಗೂ ಇಟ್ಟದ್ದಲ್ಲ. ಅಂಕಯ್ಯನ ಕೈಯಲ್ಲಿ ಈ ಕಾಗದದ ಜೊತೆ ಕ್ಯಾರಿಯರ್ ಕೊಟ್ಟು ಕಳಿಸುತ್ತಿದ್ದೇನೆ. ಸಾರಿಗೆ ಉಪ್ಪು ಹಾಕಿಲ್ಲ. ಮೇಲಿನ ಡಬ್ಬಿಯಲ್ಲಿ ಪೇಪರಿನಲ್ಲಿ ಸುತ್ತಿದ ಉಪ್ಪು ಇದೆ. ‘ಅವಳೇ ಹಾಕಂಡ್ ಉಣ್ಲಿ. ನನ್ನ ಕೈ ಮ್ಯಾಲೆ ಅನ್ಮಾನ ಇದ್ರೆ ಅವಳ ಕೈ ಅದೆಯಲ್ಲ’ ಅಂದಿದ್ದಾಳೆ. ಸ್ವಲ್ಪ ಚುಚ್ಚುಮಾತೇ. ತಡೆದುಕೋ, ನಿನಗೆ ಬೇಕಿತ್ತು.

ಹೊಸ್ತಿಲಿನ ಮಾತನ್ನು ನಾನು ವಾಪಸು ತೆಗೆದುಕೊಂಡಿದ್ದೇನೆ. ಆದರೆ ಎಡೆ ನಿಲ್ಲಿಸುವುದಿಲ್ಲ. ಮುಂದಿನ ಪಕ್ಷಕ್ಕೆ ನಿನಗೂ ನನಗೂ ಜಗಳ ಇದ್ದೇ ಇದೆ.

ಶಿವರಾಜು

*

ಗೆಜ್ಜಲಗೆರೆ
1 ಡಿಸೆಂಬರ್ 2025

ಅಣ್ಣಯ್ಯ,

ಅಂಕಯ್ಯನವರು ಬಾಗಿಲಲ್ಲಿ ನಿಂತಿದ್ದಾರೆ, ಬಸ್ಸು ತಪ್ಪುತ್ತದೆ ಎಂದು ಅವಸರ ಮಾಡುತ್ತಿದ್ದಾರೆ. ಅದಕ್ಕೇ ಚಿಕ್ಕದಾಗಿ ಬರೆಯುತ್ತೇನೆ.

ಇಲ್ಲಿ ಏನೂ ಬದಲಾಗಿಲ್ಲ. ಬಾಗಿಲ ಪಕ್ಕದ ಮಿಷನ್ನಿನಲ್ಲೇ ಕೂತಿದ್ದೇನೆ, ಅವನು ಬಂದು ನಿಲ್ಲುತ್ತಾನೆ. ರೂಮಿನಲ್ಲಿ ಶನಿವಾರ ಶನಿವಾರವೇ. ದೀಕ್ಷಾಸ್ನಾನ ಇನ್ನು ಈಸ್ಟರ್ ಕಳೆದ ಮೇಲೆ ಅಂದಿದ್ದಾರೆ ಆಂಟಿ. ಕೂಟದಲ್ಲಿ ಕೆಲವರು ನನ್ನ ಪಕ್ಕ ಕೂರುವುದನ್ನು ಬಿಟ್ಟಿದ್ದಾರೆ. ಎಡೆಯ ಊಟವನ್ನು ನಾನು ಮುಂದಿನ ವರ್ಷವೂ ಉಣ್ಣುವುದಿಲ್ಲ, ಈಗಲೇ ಹೇಳಿರುತ್ತೇನೆ. ಕ್ರಿಸ್‌ಮಸ್ ರಜೆಯಲ್ಲಿ ಬರುತ್ತೇನೆ. ಅವ್ವನ ಮಡಿಲಲ್ಲಿ ತಲೆ ಇಟ್ಟು ಒಂದು ದಿನ ಮಲಗಬೇಕು.

ನಿನ್ನೆ ಉಂಡೆ. ನಾಗಶ್ರೀ ಕೇಳುವ ಮೊದಲೇ ಅವಳ ತಟ್ಟೆಗೂ ಬಡಿಸಿದೆ. ಕ್ಯಾರಿಯರಿನ ತಳದ ಡಬ್ಬಿಯಲ್ಲಿ ಒಂದು ಹಿಡಿ ಸಕ್ಕರೆ ಹಾಕಿದ್ದೇನೆ, ಅವ್ವ ಬಿಚ್ಚಿ ನೋಡಲಿ.

ಅವಳು ಕೇಳಿದ್ದಕ್ಕೆ ಉತ್ತರ ಇದು, ಇದ್ದದ್ದು ಇದ್ದ ಹಾಗೆ ಓದು. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು ಅವ್ವಾ. ಹಾಕಿದ್ದು ನಾನೇ.

ಶೋಭಿತಾ